ತುಳಸಿ ಬಿಡುವ ಆಮ್ಲಜನಕ ಅಳೆಯಲು ಆಮ್ಲಜನಕದ ಸೆನ್ಸರ್ ಬೇಡ

ಕುಂಡದ ಗಿಡ ಎಷ್ಟು ಆಮ್ಲಜನಕ ಬಿಡುತ್ತದೆ ಎಂದು ತಿಳಿಯಬೇಕಿದ್ದರೆ ಇಂಗಾಲದ ಡೈಆಕ್ಸೈಡ್ (ಸಿಒ2) ಅನ್ನು ಅವಕೆಂಪು ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್ ಕೊಳ್ಳಿ. ತಲೆಕೆಳಗಾದ ಮಾತು ಅನ್ನಿಸಬಹುದು. ಒಂದೇ ಡಬ್ಬಿಯಲ್ಲಿ, ಒಂದೇ ತುಳಸಿಯ ಪಕ್ಕ ಎರಡೂ ಸೆನ್ಸರ್ ಇಟ್ಟರೆ ಅನುಮಾನ ಉಳಿಯದು.

ಡಬ್ಬಿ 20 ಲೀಟರಿನದು ಎನ್ನಿ. ಗಾಳಿಯಲ್ಲಿ ಆಮ್ಲಜನಕ ಶೇ 20.95, ಸಿಒ2 ಸುಮಾರು 420 ಪಿಪಿಎಂ (ಹತ್ತು ಲಕ್ಷದಲ್ಲಿ 420 ಪಾಲು). ಅಂದರೆ ಡಬ್ಬಿಯೊಳಗಿನ ಸಿಒ2 ಬರೀ 8.4 ಮಿ.ಲೀ. ಗಿಡ ಎಳೆದುಕೊಂಡ ಸಿಒ2 ಎಷ್ಟೋ, ಬಿಡುವ ಆಮ್ಲಜನಕವೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಇದ್ದಬದ್ದದ್ದನ್ನೆಲ್ಲ ತಿಂದು ಮುಗಿಸಿದರೂ ಆಮ್ಲಜನಕ ಏರುವುದು 20.95ರಿಂದ 20.99ಕ್ಕೆ. ಅಗ್ಗದ ಮೀಟರುಗಳಲ್ಲಿ ಕಾಣುವ ಅತಿ ಸಣ್ಣ ಅಂಕಿಯೇ 0.1.

ಇಷ್ಟಾಗಿದ್ದರೆ ಅಂಕಿ ಅಲ್ಲಾಡದೆ ಕೂತಿರುತ್ತಿತ್ತು, ಅಷ್ಟೆ. ಆದರೆ ಅದು ಇಳಿಯುತ್ತದೆ! ದೀಪ ಉರಿಯುತ್ತಿದೆ, ಎಲೆ ಹಸಿರಾಗಿದೆ, ಮೀಟರ್ ಮಾತ್ರ 20.9ರಿಂದ 20.6ಕ್ಕೆ ಜಾರುತ್ತದೆ. ಗಿಡ ಆಮ್ಲಜನಕ ಕುಡಿಯುತ್ತಿದೆ ಎಂದು ಗಾಬರಿಯಾಗಬೇಕಿಲ್ಲ, ಇದು ನೀರಾವಿಯ ಕೆಲಸ. ಎಲೆಗಳು ಬೆವರಿ ಡಬ್ಬಿಯ ತೇವಾಂಶ ಶೇ 50ರಿಂದ 100ಕ್ಕೆ ಏರುತ್ತದೆ. ಪ್ಲಾಸ್ಟಿಕ್ ಮುಚ್ಚಳ ಒತ್ತಡ ಹಿಡಿಯುವುದಿಲ್ಲ, ಆವಿ ಸೇರಿದಷ್ಟು ಗಾಳಿ ಸಂದಿಯಿಂದ ಹೊರಬೀಳುತ್ತದೆ. 25 ಡಿಗ್ರಿಯಲ್ಲಿ ಇದೊಂದರಿಂದಲೇ ಸುಮಾರು 0.3 ಇಳಿತ, ಗಿಡ ಕೊಡಬಲ್ಲ ಗರಿಷ್ಠ ಏರಿಕೆಯ ಏಳೆಂಟು ಪಟ್ಟು. ತೇವ ಹೀರಲು ಸಿಲಿಕಾ ಜೆಲ್ ಇಟ್ಟರೆ ಎಲೆ ಇನ್ನಷ್ಟು ಬೆವರುತ್ತದೆ. ಸಾಲದ್ದಕ್ಕೆ ಇಂಥ ಮೀಟರಿನೊಳಗೆ ಆಮ್ಲಜನಕ ಗುರುತಿಸುವ ಗ್ಯಾಲ್ವಾನಿಕ್ ಸೆಲ್ ಬಳಸದೆ ಇಟ್ಟರೂ ಸವೆಯುತ್ತಲೇ ಇರುತ್ತದೆ.

ಅದೇ ನೀರಾವಿ ಸಿಒ2 ಅಂಕಿಯನ್ನು ಕದಲಿಸುವುದು ಆರೇಳು ಪಿಪಿಎಂ ಮಾತ್ರ. 100 ಪಿಪಿಎಂ ಬದಲಾವಣೆ ಆಮ್ಲಜನಕದ ಲೆಕ್ಕದಲ್ಲಿ ಎರಡು ಸಾವಿರದಲ್ಲೊಂದು ಪಾಲು, ಸಿಒ2 ಲೆಕ್ಕದಲ್ಲಿ ಕಾಲು ಪಾಲು.

ಮಾಡುವ ಕ್ರಮ ಹೀಗೆ. ಕುಂಡವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾಂಡದ ಬುಡಕ್ಕೆ ಟೇಪ್ ಹಾಕಿ. ಇಲ್ಲದಿದ್ದರೆ ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಸಿಒ2 ಲೆಕ್ಕ ಕೆಡಿಸುತ್ತದೆ. ಒಳಗೊಂದು ಪುಟ್ಟ ಕಂಪ್ಯೂಟರ್ ಫ್ಯಾನ್ ಇರಲಿ. ಬಿಸಿಲು ಬೇಡ, ಡಬ್ಬಿ ಒಲೆಯಾಗುತ್ತದೆ, ಎಲ್‌ಇಡಿ ಸಾಕು. ಮುಚ್ಚುವಾಗ ಉಸಿರು ಬಿಗಿಹಿಡಿಯಿರಿ (ತಮಾಷೆಯಲ್ಲ, ಹೊರಬಿಡುವ ಉಸಿರಿನಲ್ಲಿ ಸಿಒ2 ಶೇ 4ರಷ್ಟಿರುತ್ತದೆ). ಸೋರಿಕೆ ನೋಡಲು ಖಾಲಿ ಡಬ್ಬಿಗೆ ಊದಿ, ಹತ್ತು ನಿಮಿಷ ಅಂಕಿ ನಿಲ್ಲುತ್ತದೆಯೇ ಗಮನಿಸಿ. ಸೆನ್ಸರಿನ ಎಬಿಸಿ, ಅಂದರೆ ತಾನಾಗಿ ಮಾಪನ ಸರಿಪಡಿಸಿಕೊಳ್ಳುವ ವ್ಯವಸ್ಥೆಯನ್ನು ಮೊದಲೇ ಆಫ್ ಮಾಡಿ. ಅದು ಕಂಡ ಕನಿಷ್ಠ ಅಂಕಿಯನ್ನೇ ಹೊರಗಿನ ಗಾಳಿ ಎಂದು ನಂಬುತ್ತದೆ. ಗಿಡ 150ಕ್ಕೆ ಇಳಿಸಿದರೆ ಅದನ್ನೇ 400 ಮಾಡಿ ಕೂರಿಸೀತು.

400ರಿಂದ 300ಕ್ಕೆ ಇಳಿಯುವ ಹೊತ್ತನ್ನಷ್ಟೇ ಎಣಿಸಿ. ಕೆಳಗೆ ಹೋದಂತೆ ಗಿಡ ಹಸಿದು ನಿಧಾನವಾಗುತ್ತದೆ. ಐದು ನಿಮಿಷ ಹಿಡಿದರೆ 2 ಮಿ.ಲೀ., ಗಂಟೆಗೆ 24 ಮಿ.ಲೀ. ಆಮ್ಲಜನಕ. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಸುಮಾರು 250 ಮಿ.ಲೀ. ಬಳಸುತ್ತಾನೆ, ಅಂದರೆ ತುಳಸಿಯ ಒಂದು ಗಂಟೆಯ ದುಡಿಮೆ ನಮ್ಮ ಆರು ಸೆಕೆಂಡಿಗೆ. ದೀಪ ಆರಿಸಿ ಕಪ್ಪು ಬಟ್ಟೆ ಹೊದಿಸಿದರೆ ಸಿಒ2 ಅಂಕಿ ಏರತೊಡಗುತ್ತದೆ. ತುಳಸಿ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎನ್ನುವವರಿಗೆ ತೋರಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ನೀರಿನ ಗಿಡ ಹೈಡ್ರಿಲ್ಲಾ, ಆಲಿಕೆ, ಪ್ರನಾಳ ಇಟ್ಟು ಗುಳ್ಳೆ ಎಣಿಸುವ ಶಾಲೆಯ ಪ್ರಯೋಗ: ಮಕ್ಕಳಿಗೆ ತೋರಿಸಲು ಚೆಂದ, ಅಳೆಯಲು ಅಲ್ಲ. ಗುಳ್ಳೆಗಳ ಗಾತ್ರ ಒಂದೇ ಇರುವುದಿಲ್ಲ, ಒಳಗೆ ಸಾರಜನಕವೂ ಬೆರೆತಿರುತ್ತದೆ.

ನೀರಿನ ಗಿಡಕ್ಕಾದರೆ ನನ್ನ ಮತ, ನೀರಿನಲ್ಲಿ ಕರಗಿದ ಆಮ್ಲಜನಕವನ್ನು ರಾಸಾಯನಿಕವಾಗಿ ಅಳೆಯುವ 1888ರ ವಿಂಕ್ಲರ್ ವಿಧಾನಕ್ಕೆ. 300 ಮಿ.ಲೀ. ಬಾಟಲಿ ಎರಡು, ಒಂದು ಬೆಳಕಿಗೆ, ಇನ್ನೊಂದು ಕಪ್ಪು ಬಟ್ಟೆಯೊಳಗೆ. 200 ಮಿ.ಲೀ. ಮಾದರಿಗೆ 0.025 ನಾರ್ಮಲ್ ಥಯೋಸಲ್ಫೇಟ್ ಎಷ್ಟು ಮಿ.ಲೀ. ಹಿಡಿಯಿತೋ, ಲೀಟರಿಗೆ ಅಷ್ಟೇ ಮಿ.ಗ್ರಾಂ ಆಮ್ಲಜನಕ. ಬಿರಡೆಯಡಿ ಒಂದು ಗುಳ್ಳೆ ಉಳಿದರೂ ಫಲಿತಾಂಶ ಹಾಳು. ಡಿಒ (ಕರಗಿದ ಆಮ್ಲಜನಕದ) ಮೀಟರ್ ಸಲೀಸು, ಆದರೆ ದುಬಾರಿ. ಜೊತೆಗೆ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದನ್ನು ಗಾಳಿ ಪೂರ್ತಿ ಕರಗಿದ 25 ಡಿಗ್ರಿಯ ನೀರಿಗೆ ಸಮುದ್ರಮಟ್ಟದ ಅಂಕಿಯಾದ ಲೀಟರಿಗೆ 8.26 ಮಿ.ಗ್ರಾಂ ಎಂದು ಹೊಂದಿಸಿದರೆ ಶೇ 10ರಷ್ಟು ತಪ್ಪು. ಇಲ್ಲಿ ಅದು ಸುಮಾರು 7.4.

ಎನ್‌ಡಿಐಆರ್ ಸೋಲುವ ಕಡೆಯೂ ಒಂದಿದೆ. ಲೋಳೆಸರ, ಸ್ನೇಕ್ ಪ್ಲಾಂಟ್ ರಾತ್ರಿ ಸಿಒ2 ಎಳೆದು ಆಮ್ಲವಾಗಿ ಕೂಡಿಟ್ಟು, ಹಗಲು ಪತ್ರರಂಧ್ರ ಮುಚ್ಚಿಕೊಂಡು ಬಳಸುತ್ತವೆ. ರಾತ್ರಿ ಅಂಕಿ ಇಳಿಯುವುದು ಕಂಡು ಆಮ್ಲಜನಕ ಬಂತು ಎಂದು ಬರೆದುಕೊಳ್ಳಬೇಡಿ.