ಫೋಟೊ ನೋಡಿ ಲೆಕ್ಕ ಬಿಡಿಸುವ ಆಪ್: ಎರಡು ವರ್ಷ ಬಳಸಿದ ಮೇಲೆ

ಮಗಳಿಗೆ ಅಂತ ಹಾಕಿಕೊಂಡ ಆಪ್ ಇದು. ಈಗ ಅವಳಿಗಿಂತ ನಾನೇ ಜಾಸ್ತಿ ತೆರೆಯುತ್ತೇನೆ.

ಬೀಜಗಣಿತದಲ್ಲಿ ತಕರಾರು ಕಡಿಮೆ. ಮೊನ್ನೆ ಒಂದು ಲೆಕ್ಕ: 3(ಎಕ್ಸ್ − 4) = 2ಎಕ್ಸ್ + 5. ಮಗಳ ಉತ್ತರ 9, ಆಪ್‌ನದು 17. ಹಂತಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಮೊದಲ ಸಾಲಿನಲ್ಲೇ ತಪ್ಪು ಸಿಕ್ಕಿಬಿತ್ತು. ಆವರಣ ಬಿಡಿಸುವಾಗ 3ರಿಂದ ಎಕ್ಸ್ ಅನ್ನು ಗುಣಿಸಿದ್ದಾಳೆ, 4 ಅನ್ನು ಹಾಗೇ ಇಳಿಸಿದ್ದಾಳೆ. ಇದೇ ತಪ್ಪಿಗೆ ನಾನೂ ಶಾಲೆಯಲ್ಲಿ ಎಷ್ಟು ಅಂಕ ಕಳೆದುಕೊಂಡಿದ್ದೆನೋ, ಬೈಯಲು ಬಾಯಿ ಬರಲಿಲ್ಲ.

ಕೈಬರಹದ ಎಕ್ಸ್ ಅನ್ನು ಮಾತ್ರ ಆಗಾಗ ಗುಣಾಕಾರದ ಗುರುತು ಅಂದುಕೊಳ್ಳುತ್ತದೆ. ಅದಕ್ಕೇ ಈಗ ಟೈಪ್ ಮಾಡುತ್ತೇವೆ.

ತ್ರಿಭುಜಕ್ಕೆ ಬಂದರೆ ಕಥೆ ಬೇರೆ. ಚಿತ್ರದ ಫೋಟೊ ಕೊಟ್ಟರೆ ಅಂಕಿಗಳನ್ನು ಓದುತ್ತದೆ, ಎರಡು ಬಾಹು ಸಮ ಅಂತ ತೋರಿಸುವ ಸಣ್ಣ ಗೀಟುಗಳನ್ನು ನೋಡುವುದೇ ಇಲ್ಲ. ಸಮೀಕರಣ ನಾವೇ ಮಾಡಿಕೊಡಬೇಕು. ಒಂದು ಲಂಬಕೋನ ತ್ರಿಭುಜ, ಒಂದು ಬಾಹು ಇನ್ನೊಂದಕ್ಕಿಂತ 7 ಸೆಂ.ಮೀ. ಉದ್ದ, ವಿಕರ್ಣ 13. ಎಕ್ಸ್² + (ಎಕ್ಸ್ + 7)² = 169 ಅಂತ ಹಾಕಿದೆವು. 5 ಮತ್ತು −12 ಅಂತ ಎರಡು ಉತ್ತರ ಬಂತು. "ಅಪ್ಪಾ, ಮೈನಸ್ 12 ಸೆಂ.ಮೀ. ಅಂದ್ರೆ ಎಷ್ಟುದ್ದ?" ಅಂದಳು. ಆಪ್‌ಗೆ ಸಮೀಕರಣ ಗೊತ್ತು, ತ್ರಿಭುಜ ಗೊತ್ತಿಲ್ಲ. −12 ಅನ್ನು ನಾವೇ ಹೊಡೆದುಹಾಕಿ 5, 12, 13 ಅಂತ ಬರೆದುಕೊಂಡೆವು.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇನ್ನೊಂದು ಲೆಕ್ಕದಲ್ಲಿ. ಒಂದು ಕೋನ 30°, ಅದರ ಎದುರಿನ ಬಾಹು 6 ಸೆಂ.ಮೀ., ಪಕ್ಕದ ಒಂದು ಬಾಹು 10. ಆ 10ರ ಎದುರಿನ ಕೋನ ಎಷ್ಟು? ಆಪ್ 56.4° ಅಂತ ಹೇಳಿ ಸುಮ್ಮನಾಯಿತು. ಅನುಮಾನ ಬಂದು ಕೈವಾರ ಹಿಡಿದೆ. 30° ಕೋನ ಹಾಕಿ, ಒಂದು ಗೆರೆಯಲ್ಲಿ 10 ಅಳೆದು, ಆ ತುದಿಯಿಂದ 6ರ ಕಂಸ ಎಳೆದರೆ ಕೆಳಗಿನ ಗೆರೆಯನ್ನು ಎರಡು ಕಡೆ ಕತ್ತರಿಸಿತು. ಆ ತುದಿಯಿಂದ ಕೆಳಗಿನ ಗೆರೆಗೆ ಲಂಬ ದೂರ 5 ಮಾತ್ರ, ಹಾಗಾಗಿ 6ರ ಕಂಸ ಎರಡು ಕಡೆ ತಾಗಲೇಬೇಕು ಅಲ್ವಾ? 123.6° ಕೂಡ ಸರಿಯಾದ ಉತ್ತರವೇ. ಅಪ್‌ಡೇಟ್ ಆದ ಮೇಲೂ ನೋಡಿದೆ, ಹಾಗೇ ಇದೆ.

ಈಗ ಮನೆಯಲ್ಲಿ ಒಂದು ಕಟ್ಟುನಿಟ್ಟು: ಮೊದಲು ಹಾಳೆಯ ಮೇಲೆ ಚಿತ್ರ, ಆಮೇಲೆ ಸಮೀಕರಣ, ಕೊನೆಗೆ ಫೋನ್. ಮೊದಮೊದಲು ಉಲ್ಟಾ ನಡೆಯುತ್ತಿತ್ತು. ಹೋಮ್‌ವರ್ಕ್ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು, ಪರೀಕ್ಷೆಯಲ್ಲಿ ಪೆನ್ನೇ ಓಡುತ್ತಿರಲಿಲ್ಲ.

ಹಣ ಕಟ್ಟುವ ಪ್ಲಾನ್ ಒಂದು ತಿಂಗಳು ನೋಡಿ ಬಿಟ್ಟೆ. ವೀಡಿಯೊ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಬೀಜಗಣಿತಕ್ಕೆ 5ಕ್ಕೆ 4, ತ್ರಿಭುಜಕ್ಕೆ 2.