ಭುಜದ ಶಸ್ತ್ರಚಿಕಿತ್ಸೆಯ ನಂತರ ಕಾಣಿಸಿಕೊಳ್ಳುವ ಮೀನಖಂಡದ ನೋವನ್ನು ಕಡೆಗಣಿಸಬೇಡಿ
ಹೋದ ವರ್ಷ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಬಲಭುಜದ ಹರಿದ ಸ್ನಾಯುರಜ್ಜುವಿಗೆ ಆರ್ಥ್ರೋಸ್ಕೋಪಿ ವಿಧಾನದಲ್ಲಿ, ಅಂದರೆ ಸಣ್ಣ ರಂಧ್ರದಿಂದ ಕ್ಯಾಮೆರಾ ತೂರಿಸಿ, ಶಸ್ತ್ರಚಿಕಿತ್ಸೆಯಾಯಿತು. ಮೂರು ಸಣ್ಣ ರಂಧ್ರಗಳು, ಮರುದಿನವೇ ಬಿಡುಗಡೆ. ಗಾಯ ಚಿಕ್ಕದಾದ್ದರಿಂದ ಅಪಾಯವೂ ಚಿಕ್ಕದೆಂದು ನಂಬಿಬಿಟ್ಟೆ. ಕೈಗೆ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಹೊಲಿಗೆ, ಸ್ಲಿಂಗ್ (ಕೈಯನ್ನು ಕತ್ತಿನಿಂದ ತೂಗಿಸುವ ಪಟ್ಟಿ), ವ್ಯಾಯಾಮ ಎಲ್ಲದರ ಪ್ರಸ್ತಾಪವಿತ್ತು. ರಕ್ತ ಹೆಪ್ಪುಗಟ್ಟುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮೂರನೆಯ ದಿನ ರಾತ್ರಿ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದೆ. ಮಲಗಿದರೆ ಭುಜ ಸಿಡಿಯುತ್ತಿದ್ದುದರಿಂದ ಆರಾಮಕುರ್ಚಿಯಲ್ಲೇ ಹಗಲುರಾತ್ರಿ ಕಳೆದೆ. ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ, ಆ ಸಮಯದಲ್ಲಿ ಕಾಲಾಡಿಸದೆ ಕುಳಿತರೆ ಮೀನಖಂಡದ ಅಭಿಧಮನಿಗಳಲ್ಲಿ ಹರಿವು ನಿಧಾನವಾಗಿ ಅಪಾಯ ಇನ್ನೂ ಏರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಎಂಟನೆಯ ದಿನ ಎಡಗಾಲಿನ ಮೀನಖಂಡ ಬಿಗಿದು ನೋಯತೊಡಗಿತು. ಭುಜಕ್ಕೂ ಕಾಲಿಗೂ ಏನು ಸಂಬಂಧವೆಂದು ಮಗಳಿಂದ ಎಣ್ಣೆ ಹಾಕಿಸಿ ತಿಕ್ಕಿಸಿಕೊಂಡೆ. ಹೆಪ್ಪಿನ ಅನುಮಾನವಿರುವ ಕಾಲನ್ನು ತಿಕ್ಕಲೇಬಾರದಂತೆ. ಹತ್ತನೆಯ ದಿನ ಬಚ್ಚಲಿಗೆ ನಡೆದು ಹೋಗುವಷ್ಟರಲ್ಲಿ ಏದುಸಿರು. ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚಿದಂತಹ ನೋವು. ಅದಕ್ಕೂ ನನ್ನ ಬಳಿ ಸಮಾಧಾನವೊಂದು ಸಿದ್ಧವಿತ್ತು. ಕತ್ತಿನ ಬುಡದಲ್ಲಿ ಕೊಡುವ ಅರಿವಳಿಕೆಯ ಚುಚ್ಚುಮದ್ದಿನಿಂದ ಒಂದು ಬದಿಯ ವಪೆ (ಉಸಿರಾಟಕ್ಕೆ ನೆರವಾಗುವ, ಎದೆ-ಹೊಟ್ಟೆಯ ನಡುವಿನ ಸ್ನಾಯು) ತಾತ್ಕಾಲಿಕವಾಗಿ ಸುಮ್ಮನಾಗಿ ಉಸಿರು ಕಟ್ಟಿದಂತೆನಿಸಬಹುದು ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ಪ್ರಭಾವ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ ಎಂಬುದನ್ನು ಮಾತ್ರ ನಾನು ಮರೆತೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು.

ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ರಕ್ತದ ಹರಿವು ತೋರಿಸುವ ಕಾಲಿನ ಡಾಪ್ಲರ್ ಸ್ಕ್ಯಾನ್ ಮತ್ತು ರಕ್ತನಾಳ ತೋರಿಸುವ ಎದೆಯ ಸಿಟಿ ಆಂಜಿಯೋಗ್ರಾಂ ಮಾಡಿದಾಗ, ಕಾಲಿನಲ್ಲಿದ್ದ ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ತಲುಪಿರುವುದು ಕಂಡಿತು. ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು, ನಂತರ ಮೂರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಬದುಕಿಕೊಂಡೆ.

ಇದು ನೂರರಲ್ಲಿ ಒಬ್ಬರಿಗೂ ಆಗದ ತೊಡಕು. ಆದ್ದರಿಂದಲೇ ಎಲ್ಲರಿಗೂ ಮುಂಜಾಗ್ರತೆಯಾಗಿ ಆ ಮಾತ್ರೆ ಕೊಡುವುದಿಲ್ಲ. ಹೆದರಿ ಶಸ್ತ್ರಚಿಕಿತ್ಸೆ ಬಿಡಬೇಕಾಗಿಯೂ ಇಲ್ಲ. ಆದರೆ ನಿಮಗೋ ರಕ್ತಸಂಬಂಧಿಗಳಿಗೋ ಹಿಂದೆ ಹೆಪ್ಪುಗಟ್ಟಿದ್ದರೆ, ಹಾರ್ಮೋನ್ ಮಾತ್ರೆ, ಕ್ಯಾನ್ಸರ್ ಚಿಕಿತ್ಸೆ, ಧೂಮಪಾನ, ಅತಿತೂಕ ಇದ್ದರೆ ಕೇಳದಿದ್ದರೂ ಮೊದಲೇ ಹೇಳಿ. ನನ್ನ ತಾಯಿಗೆ ಹೀಗಾಗಿತ್ತು. ವೈದ್ಯರು ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದೇ ಕಾಲು ಅಥವಾ ಶಸ್ತ್ರಚಿಕಿತ್ಸೆಯಾದ ಕೈ ದಿನದಿನಕ್ಕೆ ಊದಿಕೊಂಡರೆ ಅಂದೇ ವೈದ್ಯರಿಗೆ ತೋರಿಸಿ. ಹಠಾತ್ ಏದುಸಿರು, ಎದೆನೋವು, ಕಫದಲ್ಲಿ ರಕ್ತ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯಾಗಿ ಎಷ್ಟು ದಿನವಾಯಿತೆಂಬುದನ್ನು ಮೊದಲ ಮಾತಿನಲ್ಲೇ ತಿಳಿಸಿ. ಆ ಕ್ಲಿನಿಕ್ಕಿನಲ್ಲಿ ಸ್ಲಿಂಗ್ ಕಂಡು ಏನಾಯಿತೆಂದು ಕೇಳಿದವರಿಗೆ ನಾನು ಭುಜನೋವು ಎಂದಷ್ಟೇ ಹೇಳಿದ್ದೆ.