ಮಳೆ ಲೆಕ್ಕದ ಆ್ಯಪ್: ಎರಡು ಮಳೆಗಾಲ ಬಳಸಿದ ಮೇಲೆ

ಅಡಿಕೆ ತೋಟದವರಿಗೆಂದೇ ಒಬ್ಬರೇ ಡೆವಲಪರ್ ಮಾಡಿರುವ ಈ ಆ್ಯಪನ್ನು ಹೊಸನಗರ ತಾಲ್ಲೂಕಿನ ನಮ್ಮ ತೋಟದಲ್ಲಿ ಎರಡು ಮಳೆಗಾಲ ಬಳಸಿದ್ದೇನೆ. ಇದು ಮಾಡುವ ಕೆಲಸ ಎರಡೇ: ದಿನದಿನದ ಮಳೆಯನ್ನು ಬರೆದಿಡುವುದು ಮತ್ತು ಅಡಿಕೆಗೆ ಬರುವ ಕೊಳೆರೋಗದ ಔಷಧಿ ಹೊಡೆಯುವ ದಿನವನ್ನು ನೆನಪಿಸುವುದು. ಮೊದಲ ವರ್ಷ ಎರಡು ಸ್ಟಾರ್ ಕೊಟ್ಟಿದ್ದೆ. ಈಗ ಅದನ್ನು ನಾಲ್ಕಕ್ಕೆ ಏರಿಸುತ್ತಿರುವುದರಿಂದ ಕಾರಣವನ್ನೂ ಬರೆಯಬೇಕೆನಿಸಿತು.

ನಮ್ಮ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ನಗರಕ್ಕೆ ಬೀಳುವುದು ಅದರ ಸಣ್ಣದೊಂದು ಪಾಲು ಮಾತ್ರ. ಗುಡ್ಡದ ಈಚೆಗೆ ಒಂದು ಲೆಕ್ಕ, ಆಚೆಗೆ ಇನ್ನೊಂದು ಲೆಕ್ಕ ಇರುವಾಗ ಜಿಲ್ಲೆಯ ಸರಾಸರಿಯನ್ನು ನೋಡಿ ತೋಟದ ಕೆಲಸ ನಿರ್ಧರಿಸಲಾಗದು. ಹಾಗಾಗಿಯೇ ನಮ್ಮ ಕಡೆ ಅಂಗಳದಲ್ಲಿ ಸ್ವಂತ ಮಳೆಮಾಪಕ ಇಟ್ಟುಕೊಂಡು, ಹವಾಮಾನ ಇಲಾಖೆಯ ಕ್ರಮದಂತೆ ಬೆಳಗ್ಗೆ 8.30ಕ್ಕೆ ಅಳೆದು ಬರೆಯುವವರಿದ್ದಾರೆ. ನಮ್ಮ ಅಪ್ಪಯ್ಯ ಬರೆದ ಮಳೆ ಪುಸ್ತಕಗಳು ಇಂದಿಗೂ ಮನೆಯಲ್ಲಿವೆ.

ಮೊದಲ ವರ್ಷ ಆ್ಯಪ್ ಎಡವಿದ್ದು ಈ ಅಳತೆಯಲ್ಲಿಯೇ. ನಮ್ಮ ಮಾಪಕದ ಗೆರೆ 150 ಮಿ.ಮೀ.ಗೆ ಮುಗಿಯುತ್ತದೆ. ಪುಷ್ಯ ಮಳೆಯ ಒಂದು ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ನೋಡಿದಾಗ ನೀರು 138ಕ್ಕೆ ಬಂದಿತ್ತು. ಬೆಳಗಿನವರೆಗೆ ಬಿಟ್ಟರೆ ಉಕ್ಕಿ ಹೋಗುತ್ತದೆಂದು ಚೆಲ್ಲಿ, ಆ ಅಂಕಿಯನ್ನು ಮರುದಿನದ ತಾರೀಕಿಗೆ ದಾಖಲಿಸಿ ಮಲಗಿದೆ. ಬೆಳಗ್ಗೆ ಮತ್ತೆ 64 ಇತ್ತು. ಅದನ್ನು ಬರೆದ ಕೂಡಲೇ ಆ್ಯಪ್ ಹಿಂದಿನ 138ನ್ನು ಅಳಿಸಿ 64ನ್ನು ಮಾತ್ರ ಉಳಿಸಿಕೊಂಡಿತು, ಏಕೆಂದರೆ ದಿನಕ್ಕೆ ಒಂದೇ ಅಂಕಿ ಎಂದು ಅದನ್ನು ಮಾಡಿದವರು ಭಾವಿಸಿದ್ದರು. 202 ಮಿ.ಮೀ. ಸುರಿದ ದಿನ ಆ್ಯಪಿನಲ್ಲಿ ಸಾಧಾರಣ ಮಳೆಯ ದಿನವಾಗಿ ಕುಳಿತಿತು. ತಿಂಗಳ ಮೊತ್ತ ಪಕ್ಕದ ತೋಟದವರ ಲೆಕ್ಕಕ್ಕಿಂತ ತೀರಾ ಕಡಿಮೆ ಬಂದಾಗಲೇ ನನಗೆ ಇದು ಗೊತ್ತಾದದ್ದು.

ಬೇಸರದಿಂದಲೇ ಡೆವಲಪರ್‌ಗೆ ಬರೆದೆ. ಎರಡು ದಿನದಲ್ಲಿ ಬಂದ ಉತ್ತರದಲ್ಲಿ ಸಮಜಾಯಿಷಿ ಇರಲಿಲ್ಲ, ಪ್ರಶ್ನೆಗಳಿದ್ದವು: "ಜೋರು ಮಳೆಯಲ್ಲಿ ನೀವು ಎಷ್ಟು ಸಲ ಅಳೆದು ಚೆಲ್ಲುತ್ತೀರಿ? ರಾತ್ರಿಯ ಅಳತೆಯನ್ನು ಯಾವ ತಾರೀಕಿಗೆ ಬರೆಯುತ್ತೀರಿ?" ಅಪ್ಪಯ್ಯನ ಪುಸ್ತಕದ ಒಂದು ಪುಟದ ಫೋಟೋ ತೆಗೆದು ಕಳುಹಿಸಿದೆ. ಅದರಲ್ಲಿ ದಿನದ ಒಂದೇ ಚೌಕದೊಳಗೆ ಎರಡು ಮೂರು ಅಂಕಿಗಳ ನಡುವೆ ಕೂಡುವ ಗುರುತು ಹಾಕಿ, ಕೆಳಗೆ ಮೊತ್ತ ಬರೆದಿತ್ತು. ಮುಂದಿನ ಅಪ್‌ಡೇಟ್‌ನಲ್ಲಿ ಆ್ಯಪಿನ ದಿನದ ಪುಟ ಬಹುತೇಕ ಹಾಗೆಯೇ ಬಂತು: ಅಳತೆಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ, ದಿನವೆಂದರೆ 8.30ರಿಂದ 8.30, ಹಳೆಯ ಅಂಕಿಯನ್ನು ಕೇಳದೆ ಅಳಿಸುವುದಿಲ್ಲ. ಬಳಸುವವರ ರೂಢಿಯನ್ನು ಇಷ್ಟು ಗೌರವದಿಂದ ಕೇಳಿ ತಿದ್ದಿಕೊಂಡವರನ್ನು ನಾನು ಬೇರೆ ಕಂಡಿಲ್ಲ. ನಡುವೆ ಒಂದು ಅಪ್‌ಡೇಟ್‌ನಿಂದ ಹಿಂದಿನ ತಿಂಗಳುಗಳ ಮೊತ್ತವೆಲ್ಲ ಸೊನ್ನೆ ತೋರಿಸಿದ್ದೂ ಉಂಟು. ಮರುದಿನವೇ ಅದು ಸರಿಯಾಯಿತು. ದಾಖಲೆಯೆಲ್ಲ ಫೋನಿನಲ್ಲಿಯೇ ಇರುವುದರಿಂದ ಯಾವುದೂ ಕಳೆಯಲಿಲ್ಲ. ನೆಟ್‌ವರ್ಕ್ ಸಿಗದ ಕಣಿವೆಗಳಲ್ಲಿ ಈ ವ್ಯವಸ್ಥೆಯೇ ಸರಿ.

ಔಷಧಿಯ ಭಾಗವೂ ಬೆಳೆದಿದೆ. ಕೊಳೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ. ಎಂಬ ಲೆಕ್ಕವಷ್ಟೇ ಮೊದಲಿತ್ತು. ಈಗ 200 ಲೀಟರಿನ ಡ್ರಮ್ಮುಗಳು ಎಷ್ಟೆಂದು ಹೇಳಿದರೆ ಸಾಮಾನಿನ ಒಟ್ಟು ತೂಕ ಸಿಗುತ್ತದೆ. ದ್ರಾವಣದಲ್ಲಿ ಕತ್ತಿಯ ತುದಿ ಅದ್ದಿ, ಅದಕ್ಕೆ ಕೆಂಪು ಬಣ್ಣ ಕಟ್ಟಿದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬ ಪರೀಕ್ಷೆಯನ್ನೂ ಸರಳ ಕನ್ನಡದಲ್ಲಿ ಬರೆದಿದ್ದಾರೆ. ಮಳೆಗಾಲಕ್ಕೆ ಮೊದಲು ಒಮ್ಮೆ ಹೊಡೆದು, 40ರಿಂದ 45 ದಿನಕ್ಕೆ ಎರಡನೆಯ ಸಲ ಹೊಡೆಯಬೇಕು. ಆದರೆ ಆ ದಿನ ಹೊಳವು, ಅಂದರೆ ಮಳೆಯ ಬಿಡುವು, ಸಿಗಬೇಕಲ್ಲ. ಈಗ 35ನೆಯ ದಿನದಿಂದಲೇ ಜ್ಞಾಪನೆ ಶುರುವಾಗುವುದರಿಂದ, ಹೊಳವಾದ ಮೊದಲ ದಿನವೇ ಔಷಧಿ ಹೊಡೆಯುವವರನ್ನು ಕರೆಯಲು ಅನುಕೂಲವಾಗಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇರುವ ಕೆಲವು ಫೋನುಗಳಲ್ಲಿ ಮಾತ್ರ ಜ್ಞಾಪನೆ ಬರುವುದಿಲ್ಲ; ಅದನ್ನು ನಾವೇ ಬದಲಿಸಿಕೊಳ್ಳಬೇಕು.

ಉಳಿದಿರುವ ಕೊರತೆ ಮಳೆ ನಕ್ಷತ್ರಗಳ ತಾರೀಕಿನದ್ದು. ಆರಿದ್ರಾ, ಪುನರ್ವಸು, ಪುಷ್ಯ ಎಂದು ಮಳೆವಾರು ಮೊತ್ತ ಕೊಟ್ಟಿರುವುದು ನಮ್ಮ ಹಿರಿಯರಿಗೆ ಬಹಳ ಹಿಡಿಸಿದೆ, ಆದರೆ ಎಲ್ಲ ವರ್ಷಕ್ಕೂ ಒಂದೇ ತಾರೀಕು ಇಟ್ಟಿದ್ದಾರೆ. ಸೂರ್ಯ ನಕ್ಷತ್ರವನ್ನು ಪ್ರವೇಶಿಸುವ ದಿನ ಒಂದೊಂದು ವರ್ಷ ಒಂದು ದಿನ ಹಿಂದುಮುಂದಾಗುತ್ತದೆ, ಮತ್ತು ನಮ್ಮಲ್ಲಿ ಒಂದು ದಿನದ ಮಳೆಯೆಂದರೆ 200 ಮಿ.ಮೀ. ಆಗಬಹುದು. ಇದನ್ನೂ ಬರೆದು ತಿಳಿಸಿದ್ದೇನೆ. ಪಂಚಾಂಗ ನೋಡಿ ಆಯಾ ವರ್ಷದ ತಾರೀಕನ್ನು ನಾವೇ ತುಂಬುವ ಅವಕಾಶವನ್ನು ಮುಂದಿನ ರೋಹಿಣಿ ಮಳೆಗೆ ಮೊದಲು ಕೊಡುವುದಾಗಿ ಉತ್ತರ ಬಂದಿದೆ.